ಕಲ್ಲವ್ವ ಬಳಸಿ ನಡೆಯುತ್ತಿದ್ದ ಜಾಗ

ಯುಗಾದಿ ಮುಗಿದ ಮೂರನೆಯ ವಾರ, ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನು ಕಲಘಟಗಿ ಬಿಟ್ಟೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕಿಸೆಯಲ್ಲಿ ನಮ್ಮ ಡಾಕ್ಟರಬಾಯಾರು ಬರೆದುಕೊಟ್ಟ ಪತ್ರ.

ನಾನು ಆಗ ಆಸ್ಪತ್ರೆಯ ಜೀಪಿನ ಚಾಲಕ. ಹಿಂದಿನ ಮಳೆಗಾಲದಲ್ಲಿ ಬಮ್ಮಿಗಟ್ಟಿಯಿಂದ ಹೆರಿಗೆಯ ಹೆಣ್ಣುಮಗಳೊಬ್ಬಳನ್ನು ಕರೆತರುವಾಗ ಜೀಪು ಕೆಸರಿನಲ್ಲಿ ಜಾರಿ ಹೊಲಕ್ಕೆ ಉರುಳಿತ್ತು. ಆಕೆಯ ಕೈ ಮುರಿಯಿತು, ಮಗು ಬದುವಿನ ಮೇಲೆಯೇ ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಅಂದಿನಿಂದ ರಸ್ತೆಯಲ್ಲಿ ಬೊಗಸೆಯಷ್ಟು ನೀರು ಕಂಡರೂ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ರೋಗಿಗಳ ಕಡೆಯವರು ಇದಕ್ಕಿಂತ ಚಕ್ಕಡಿಯೇ ವಾಸಿ ಎನ್ನತೊಡಗಿದರು. ಹುಬ್ಬಳ್ಳಿಯ ಮೋಟಾರು ಕ್ಲಬ್ಬೊಂದು ನುರಿತ ಚಾಲಕರಿಗಾಗಿ ಮೂರು ದಿನದ ಶಿಬಿರ ನಡೆಸುತ್ತದೆಂದು ತಿಳಿದು ಬಾಯಾರು ನನ್ನನ್ನು ಅಲ್ಲಿಗೆ ಕಳಿಸಿದರು. ಪ್ರಮಾಣಪತ್ರ ತಂದರೆ ಜೀಪು, ಇಲ್ಲದಿದ್ದರೆ ಗೇಟಿನ ಕಾವಲು ಎಂದು ಮೊದಲೇ ಹೇಳಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ, ಅದಕ್ಕೇ ಹೆಚ್ಚು ನೋವಾಗಿತ್ತು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಒಂದು ಪ್ಲೇಟು ಗಿರ್ಮಿಟ್ ತಿಂದು ನವಲಗುಂದದ ಕಡೆ ಹೊರಟೆ. ಶಿಬಿರ ಇದ್ದದ್ದು ನವಲಗುಂದ ಅಣ್ಣಿಗೇರಿಗಳ ನಡುವಿನ ಬಯಲಿನಲ್ಲಿ. ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಸಲೆಂದು ಸರಕಾರ ಹಾಕಿದ ಕಾಂಕ್ರೀಟ್ ಪಟ್ಟಿ ಅದು. ಒಂದು ವಿಮಾನವೂ ಇಳಿಯದೆ ಯುದ್ಧ ಮುಗಿಯಿತಂತೆ. ಈಗ ವರ್ಷಕ್ಕೊಮ್ಮೆ ಕ್ಲಬ್ಬಿನವರು ಅದರ ಮೇಲೆ ಕಾರಿನ ಪಂದ್ಯ ನಡೆಸುತ್ತಿದ್ದರು.

ಪಟ್ಟಿಯ ಹತ್ತಿರ ಇಳಿಸಿರಿ ಎಂದಾಗ ಕಂಡಕ್ಟರ್ ಟಿಕೇಟು ಹರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಹೊಳ್ಳಿ ಬರೂವಾಗ ಡಾಂಬರ ರಸ್ತೆಕ್ಕ ಬಂದು ನಿಂದರ್ರಿ," ಎಂದ. "ಪಟ್ಟಿ ಮ್ಯಾಲೆ ನಿಂತು ಕೈ ಮಾಡಿದ್ರ ಯಾವ ಬಸ್ಸೂ ನಿಲ್ಲಂಗಿಲ್ಲ."

ಕಾರಣ ಕೇಳುವಷ್ಟರಲ್ಲಿ ಅವನು ಮುಂದಿನ ಸೀಟಿಗೆ ಹೋಗಿದ್ದ.

ಇಳಿದ ಮೇಲೆ ಒಂದು ಫರ್ಲಾಂಗು ನಡಿಗೆ. ಹತ್ತಿ ಕಟ್ಟಿಗೆ ಕಿತ್ತು ಹೊಲಗಳೆಲ್ಲ ಬೋಳಾಗಿದ್ದವು. ಎರೆ ಭೂಮಿ ಮುಂಗೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು. ದಾರಿಯುದ್ದಕ್ಕೂ ಒಂದು ಕಂದು ನಾಯಿ ನನ್ನ ಹಿಂದೆ ಬಂತು. ಕಾಂಕ್ರೀಟಿನ ಅಂಚು ತಲುಪಿದಾಗ ನಿಂತುಬಿಟ್ಟಿತು. ರೊಟ್ಟಿಯ ಚೂರು ಒಗೆದೆ, ಅಂಚಿನಿಂದ ನಾಲ್ಕು ಹೆಜ್ಜೆ ಒಳಗೆ ಬಿತ್ತು. ಅದು ರೊಟ್ಟಿಯನ್ನು ನೋಡಿತು, ನನ್ನನ್ನು ನೋಡಿತು, ಬಂದ ದಾರಿಯಲ್ಲಿ ತಿರುಗಿ ಹೋಯಿತು.

ತಗಡಿನ ಶೆಡ್ಡೊಂದರಲ್ಲಿ ನಮ್ಮ ವಸತಿ. ಒಟ್ಟು ಐದು ಜನ ಚಾಲಕರು. ನನ್ನ ಬಾಜೂಕ್ಕೆ ಹಾಸಿಗೆ ಹಾಕಿದವನು ಕುಂದಗೋಳದ ಲಾರಿ ಚಾಲಕ ಹುಸೇನಸಾಬ. ಕಲಿಸುವವರು ಮಾನೆ ಸಾಹೇಬರು, ಸೈನ್ಯದಲ್ಲಿ ಇಪ್ಪತ್ತು ವರ್ಷ ಟ್ರಕ್ಕು ಓಡಿಸುವುದನ್ನು ಕಲಿಸಿ ನಿವೃತ್ತರಾದವರು. ಮಾತು ಕಡಿಮೆ. ಕಾಂಕ್ರೀಟಿನ ಮೇಲೆ ಸಾಬೂನಿನ ನೀರು ಸುರುವಿಸಿ, ಅದರ ಮೇಲೆ ಜೀಪನ್ನು ಬೇಕೆಂದೇ ಜಾರಿಸಿ, ಮತ್ತೆ ದಾರಿಗೆ ತರುವುದನ್ನು ಮಾಡಿ ತೋರಿಸಿದರು. ನನ್ನ ಸರದಿಯಲ್ಲಿ ಜೀಪು ನಾಲ್ಕು ಸಲ ಬುಗುರಿಯಂತೆ ತಿರುಗಿತು. ಅವರು ಕಿಟಕಿಯ ಹತ್ತಿರ ಬಂದು ಹೇಳಿದರು: "ಯಾವುದಕ್ಕ ಅಂಜತೀಯೋ ಅದನ್ನ ನೋಡಬ್ಯಾಡ. ಎಲ್ಲಿ ಹೋಗಬೇಕೋ ಅಲ್ಲಿ ನೋಡು. ಕಣ್ಣು ಹೋದ ಕಡೆ ಕೈ ಹೋಗತೈತಿ." ಐದನೆಯ ಸಲ ಜೀಪು ನೆಟ್ಟಗೆ ಬಂತು.

ಮೊದಲ ದಿನದ ಮಧ್ಯಾಹ್ನವೇ ನಾನು ಕಲ್ಲವ್ವನನ್ನು ಕಂಡದ್ದು. ಬಿಸಿಲಿಗೆ ಪಟ್ಟಿಯ ಆಚೆ ತುದಿ ಕೆರೆಯಂತೆ ಹೊಳೆಯುತ್ತಿತ್ತು. ಆ ಹೊಳಪಿನಲ್ಲಿ ಮೊಣಕಾಲಿನ ಕೆಳಗೆ ಏನೂ ಇಲ್ಲದ ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಬರಬರುತ್ತ ಕಾಲುಗಳೂ ಕಂಡವು. ಐವತ್ತು ದಾಟಿದವಳು, ನೋಡಲು ಎಪ್ಪತ್ತರವಳಂತೆ ಇದ್ದಳು. ಖಾಲಿ ಬಯಲಿನಲ್ಲಿ ಆಕೆ ನೆಟ್ಟಗೆ ನಡೆಯಲಿಲ್ಲ. ಇಪ್ಪತ್ತು ಹೆಜ್ಜೆ ಹಾಕಿ ಎಡಕ್ಕೆ ಹೊರಳಿದಳು, ಸ್ವಲ್ಪ ದೂರ ಹೋಗಿ ಬಲಕ್ಕೆ. ಒಂದು ಕಡೆ ಮೈ ಅಡ್ಡ ಮಾಡಿ ಇಕ್ಕಟ್ಟಿನಲ್ಲಿ ನುಸುಳುವವಳಂತೆ ನಡೆದಳು. ಇನ್ನೊಂದು ಕಡೆ ತಲೆ ಬಗ್ಗಿಸಿ, ಎತ್ತಿದಳು.

ಮಾನೆ ಸಾಹೇಬರು ಸೀಟಿ ಊದಿ ಎಲ್ಲ ಗಾಡಿ ನಿಲ್ಲಿಸಿದರು. ಆಕೆ ದಿನಾ ಬರುತ್ತಾಳೆ, ಹೋಗುವ ತನಕ ಕಾಯಬೇಕು ಎಂದಷ್ಟೇ ಹೇಳಿದರು. ನೀರು ತರುವ ಟ್ರ್ಯಾಕ್ಟರಿನವನನ್ನು ಹುಸೇನಸಾಬ ವಿಚಾರಿಸಿದ. ಪಟ್ಟಿ ಹಾಕುವ ಮೊದಲು ಅಲ್ಲೊಂದು ಊರಿತ್ತಂತೆ, ಎಂಬತ್ತು ಮನೆ. ಹದಿನೈದು ದಿನದಲ್ಲಿ ಎಬ್ಬಿಸಿ ಕಳಿಸಿದ್ದರು. ಆಕೆ ನಡೆಯುತ್ತಿದ್ದದ್ದು ಆ ಊರಿನ ಓಣಿಗಳಲ್ಲಿ.

ಮರುದಿನ ಆಕೆ ಬಂದಾಗ ನಾನು ಶೆಡ್ಡಿನಿಂದ ಇಳಿದು ಹಿಂದೆ ಹೋದೆ. ಯಾಕೆ ಹೋದೆನೆಂದು ಈಗಲೂ ತಿಳಿಯದು. ಆಕೆ ತಿರುಗಿದಲ್ಲಿ ನಾನೂ ತಿರುಗಿದೆ. ತಲೆ ಬಗ್ಗಿಸಿದಲ್ಲಿ ನನ್ನ ತಲೆಯೂ ತಾನಾಗಿ ಬಗ್ಗಿತು. ಅಲ್ಲಿ ಬಿಸಿಲು ಒಂದು ಕ್ಷಣ ತಂಪಾದಂತೆ ಅನಿಸಿತು. ಪಟ್ಟಿಯ ಮೇಲೆ ನಮಗೆ ಗುರುತು ಮಾಡಿದ ದಾರಿಯ ಮೂರನೆಯ ತಿರುವಿನ ಹತ್ತಿರ ಆಕೆ ದೊಡ್ಡದಾಗಿ ಬಳಸಿ ನಡೆದಳು. ಎಡಗೈಯನ್ನು ಸೊಂಟದ ಎತ್ತರಕ್ಕೆ ಚಾಚಿ, ಕಟ್ಟೆಯನ್ನು ಸವರುತ್ತ ಹೋಗುವವಳಂತೆ. ಅಲ್ಲಿ ಏನಿತ್ತು ಎಂದು ಕೇಳಿದೆ.

"ಬಾವಿ," ಎಂದಳು. ನಡಿಗೆ ನಿಲ್ಲಿಸಲಿಲ್ಲ.

ಆ ಜಾಗದ ಮೇಲೆ ಜೀಪು ಹಾಯುವಾಗ ಸಪ್ಪಳ ಬದಲಾಗುವುದನ್ನು ನಾನು ಆಗಲೇ ಗಮನಿಸಿದ್ದೆ. ಖಾಲಿ ಡ್ರಮ್ಮಿನ ಮೇಲೆ ಕೈ ಬಡಿದಂತೆ ಒಂದು ದನಿ. ಸಾಹೇಬರಿಗೆ ಹೇಳಿದೆ. ವಿಮಾನ ಹೊರಲು ಹಾಕಿದ ಕಾಂಕ್ರೀಟು, ನಿನ್ನ ಜೀಪು ಹೊರುವುದಿಲ್ಲವೇ ಎಂದು ನಕ್ಕರು. ಅಂದು ಸಂಜೆ ಗುಡುಗಿ ಎರಡು ತಾಸು ಅಡ್ಡಮಳೆ ಹೊಡೆಯಿತು.

ಬುಧವಾರ ಬೆಳಿಗ್ಗೆ ಪರೀಕ್ಷೆ. ಪಟ್ಟಿಯ ಮೇಲೆ ನಾಲ್ಕು ಸುತ್ತು, ನಿಗದಿತ ಸಮಯದೊಳಗೆ. ಬಿಳಿ ಬಣ್ಣದ ಡ್ರಮ್ಮುಗಳ ನಡುವಿನ ದಾರಿ ಸರಿಯಾಗಿ ಕಲ್ಲವ್ವನ ಬಾವಿಯ ಮೇಲೆಯೇ ಹಾಯುತ್ತಿತ್ತು. ಕಾಂಕ್ರೀಟಿನ ಮೇಲೆ ನೀರು ನಿಂತಿತ್ತು. ಮೊದಲ ಮೂರು ಸುತ್ತು ನಾನು ಬ್ರೇಕನ್ನು ಮುಟ್ಟದೆ ನೀರು ದಾಟಿದೆ. ಎಂಟು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಬಾವಿಯ ಜಾಗದಲ್ಲಿ ಸಪ್ಪಳ ಮಾತ್ರ ಪ್ರತಿ ಸುತ್ತಿಗೂ ಆಳವಾಗುತ್ತಿತ್ತು. ನಾಲ್ಕನೆಯ ಸುತ್ತಿನಲ್ಲಿ ಅಲ್ಲಿಗೆ ಬಂದಾಗ ನೋಡುತ್ತೇನೆ, ಸುತ್ತಲೂ ನಿಂತ ನೀರು ಅಲ್ಲಿ ಇಲ್ಲ. ದುಂಡಗೆ, ಒಂದು ಕೋಣೆಯಷ್ಟು ಜಾಗ ಒಣಗಿತ್ತು. ನೀರನ್ನು ಕೆಳಗಿನಿಂದ ಯಾರೋ ಹೀರಿಕೊಂಡ ಹಾಗೆ. ನಾನು ಅದರ ಮೇಲೆ ಕಣ್ಣು ನಿಲ್ಲಿಸಲಿಲ್ಲ, ಕಲ್ಲವ್ವ ಬಳಸಿ ನಡೆದ ದಾರಿಯನ್ನು ನೋಡಿದೆ. ಕೈ ಅತ್ತಲೇ ಹೋಯಿತು. ಎರಡು ಡ್ರಮ್ಮು ಉರುಳಿದವು.

ಸಾಹೇಬರು ಮುಖ ಬಿಗಿದುಕೊಂಡು ಬಂದರು. ಅಲ್ಲಿ ನೀರು ಇಂಗುತ್ತಿದೆ, ಹೋಗಬೇಡಿರಿ ಎಂದೆ. ಪರೀಕ್ಷೆಯಲ್ಲಿ ದಾರಿ ಬಿಟ್ಟವನ ಮಾತು ಯಾರು ಕೇಳುತ್ತಾರೆ? ನನ್ನನ್ನು ಇಳಿಸಿ, ದಾರಿ ಹೇಗೆ ಹಿಡಿಯಬೇಕೆಂದು ತೋರಿಸಲು ತಾವೇ ಹತ್ತಿದರು. ನಿಧಾನವಾಗಿಯೇ ಹೋದರು. ಮುಂದಿನ ಗಾಲಿಗಳು ಆ ಜಾಗಕ್ಕೆ ಬಂದವು. ದೊಡ್ಡ ಸದ್ದೇನೂ ಆಗಲಿಲ್ಲ. ಒಣ ರೊಟ್ಟಿ ಮುರಿದಂತೆ ಒಂದು ಸದ್ದು, ಅಷ್ಟೆ. ಜೀಪಿನ ಮೂತಿ ಕೆಳಗೆ ಹೋಗಿ, ಹಿಂದಿನ ಗಾಲಿಗಳು ಮೇಲೆದ್ದು ಗಾಳಿಯಲ್ಲಿ ತಿರುಗುತ್ತ ನಿಂತವು.

ಹುಸೇನಸಾಬ ಮತ್ತು ನಾನು ಹಗ್ಗ ಹಿಡಿದು ಹೊಟ್ಟೆಯ ಮೇಲೆ ತೆವಳಿಕೊಂಡು ಹೋದೆವು. ಸಾಹೇಬರು ಹಿಂದಿನ ಬಾಗಿಲಿನಿಂದ ಹಗ್ಗ ಹಿಡಿದು ಹೊರಬಂದರು. ಹಣೆಯ ಮೇಲೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಟ್ರ್ಯಾಕ್ಟರ್ ತರಿಸಿ ಜೀಪನ್ನು ಹಿಂದಕ್ಕೆ ಎಳೆದ ಮೇಲೆ ನಾವು ಬಗ್ಗಿ ನೋಡಿದೆವು. ಬಾವಿಯನ್ನು ತುಂಬಿಸಿಯೇ ಇರಲಿಲ್ಲ. ಬಾಯಿಗೆ ತೊಲೆಗಳನ್ನು ಅಡ್ಡ ಹಾಕಿ, ಮೇಲೆ ಕಲ್ಲು ಹೇರಿ, ಅದರ ಮೇಲೆ ಕಾಂಕ್ರೀಟು ಸುರಿದಿದ್ದರು. ತೊಲೆಗಳು ಲಡ್ಡಾಗಿ ಕೊಳೆತುಹೋಗಿದ್ದವು. ಕೆಳಗೆ, ಬಹಳ ಕೆಳಗೆ, ನೀರು ಮಿಂಚಿತು.

ಮಧ್ಯಾಹ್ನ ಕಲ್ಲವ್ವ ಬಂದಳು. ಅದೇ ಓಣಿ, ಅದೇ ತಿರುವು. ಅಂಚಿನಲ್ಲಿ ಕುಳಿತು, ಎರಡೂ ಕೈಗಳನ್ನು ಕಾಂಕ್ರೀಟಿಗೆ ಊರಿ, ಕತ್ತಲೆಯೊಳಗೆ "ಅಕ್ಕಾ" ಎಂದು ಕರೆದಳು. ಬಾವಿಯಿಂದ ಅದೇ ಪದ ತಿರುಗಿ ಬಂತು. ಬಾವಿಗೆ ಮಾರ್ದನಿ ಇರುವುದು ಸಹಜ. ಆದರೆ ಬರಬೇಕಾದ್ದಕ್ಕಿಂತ ತಡವಾಗಿ ಬಂತು ಎಂದು ಹುಸೇನಸಾಬ ಆಮೇಲೆ ಹೇಳಿದ. ನನಗೂ ಹಾಗೇ ಅನಿಸಿತ್ತು.

ಆಕೆಯೇ ಹೇಳಿದಳು. ಊರು ಬಿಡುವ ದಿನ ಅಕ್ಕ ನೀಲವ್ವ ಕಡೆಯ ಕೊಡ ನೀರಿಗೆಂದು ಹೋದವಳು ಬರಲಿಲ್ಲ. ಕೊಡ ಕಟ್ಟೆಯ ಮೇಲಿತ್ತು. ಕಲ್ಲವ್ವನಿಗೆ ಆಗ ಹನ್ನೆರಡು ವರ್ಷ. ಬಾವಿಗೆ ಇಳಿದು ಹುಡುಕಿಸಿರಿ ಎಂದು ಅಪ್ಪ ಪಟ್ಟಿ ಕೆಲಸದ ಮೇಸ್ತ್ರಿಯ ಕಾಲು ಹಿಡಿದ, ಮುಂದೆ ಹುಡುಕೋಣ ಎಂದರು. ಮೂರನೆಯ ದಿನ ಬಾವಿ ಮುಚ್ಚಿದರು.

"ದಿನಾ ಬಂದು ನೋಡ್ತಿದ್ದೆ," ಎಂದಳು. "ಅಕಿ ತಲೀ ಮ್ಯಾಲೆ ಹೆಂಗ ನಡೀಲಿ? ಅದಕ್ಕ ಸುತ್ತ ಹಾಕಿ ಹೋಗ್ತಿದ್ದೆ."

ಮಾನೆ ಸಾಹೇಬರು ಟೊಪ್ಪಿಗೆ ತೆಗೆದರು. ಆ ಪಟ್ಟಿಯ ಮೇಲೆ ಆರು ವರ್ಷ ಗಾಡಿ ಓಡಿಸಿದ್ದೇನೆ ಎಂದಷ್ಟೇ ಅಂದರು, ಯಾರಿಗೆಂದು ಗೊತ್ತಾಗಲಿಲ್ಲ. ಶಿಬಿರ ಅಲ್ಲಿಗೇ ಮುಗಿಯಿತು. ನವಲಗುಂದದ ಪೊಲೀಸರಿಗೆ ತಿಳಿಸಲು ಅವರೇ ಹೊರಟರು. ಹೊರಡುವ ಮೊದಲು ಪ್ರಮಾಣಪತ್ರದ ಬದಲು ಡಾಕ್ಟರಬಾಯಾರಿಗೆ ಒಂದು ಚೀಟಿ ಬರೆದುಕೊಟ್ಟರು: ಈತ ಡ್ರಮ್ಮು ಉರುಳಿಸಿದ್ದಾನೆ, ಜೀಪು ಈತನ ಕೈಯಲ್ಲೇ ಇರಲಿ.

ನಾಲ್ಕು ಗಂಟೆಯ ಹುಬ್ಬಳ್ಳಿ ಬಸ್ಸಿಗಾಗಿ ನಾನು ಡಾಂಬರ ರಸ್ತೆಗೆ ಬಂದು ನಿಂತೆ. ಬಸ್ಸು ಹತ್ತಿ ಕಿಟಕಿಯಿಂದ ಹೊರಳಿ ನೋಡಿದೆ. ಬಯಲು ಸಮತಟ್ಟಾಗಿದ್ದರಿಂದ ಅಷ್ಟು ದೂರಕ್ಕೂ ಕಾಣುತ್ತಿತ್ತು. ಕಲ್ಲವ್ವ ಬಾವಿಯ ಅಂಚಿನಲ್ಲೇ ಕುಳಿತಿದ್ದಳು. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ಮಾತಿಗೆ ಕೂಡುವ ಹಾಗೆ ಕಾಲು ಮಡಚಿ, ಕೈಯಾಡಿಸುತ್ತ ಏನೋ ಹೇಳುತ್ತಿದ್ದಳು. ನಡುನಡುವೆ ಕೈ ನಿಲ್ಲುತ್ತಿತ್ತು. ಎದುರಿನವರ ಮಾತು ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಲೆ ಓರೆ ಮಾಡಿ ಕೇಳುತ್ತಿದ್ದಳು. ಆಮೇಲೆ ತಲೆ ಆಡಿಸಿ ಮತ್ತೆ ತಾನು ಮಾತಿಗೆ ತೊಡಗುತ್ತಿದ್ದಳು.