ನರ್ಸಮ್ಮನ ಹೊಟ್ಟೆಯುರಿ

ಓರಗಿತ್ತಿಯ ಎಣ್ಣೆ ತಿಕ್ಕಿಕೊಂಡರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಊರೆಲ್ಲ ಅವಳ ಬಾಗಿಲಿಗೆ ಮುಗಿಬಿದ್ದಾಗ, ಸರ್ಕಾರಿ ಆಸ್ಪತ್ರೆಯ ನರ್ಸಮ್ಮನಿಗೆ ಕೂತಲ್ಲಿ ಮುಳ್ಳು, ನಿಂತಲ್ಲಿ ಕೆಂಡ. ಅತ್ತೆಯೂ ಮಾತ್ರೆ ಬಿಟ್ಟು ಕಿರಿಸೊಸೆಯ ಎಣ್ಣೆ ಹಿಡಿದಿದ್ದರು. ಈಗ ಪುರಸಭೆಯವರು ಆಸ್ಪತ್ರೆಯ ಲಸಿಕೆ ಕೋಣೆಯನ್ನೇ ಆ ಎಣ್ಣೆಗೆ ಬಿಟ್ಟುಕೊಡಲು ಹೊರಟಿದ್ದರು.

ಅತ್ತೆಯೂ ಓರಗಿತ್ತಿಯೂ ಬಂದಿದ್ದ ಪುರಸಭೆಯ ಸಭೆಯಲ್ಲಿ ನರ್ಸಮ್ಮ ಎದ್ದು, "ಸಕ್ಕರೆ ಇಳಿದಿದ್ದನ್ನ ಯಾರಾದ್ರೂ ಅಳೆದು ನೋಡಿದ್ದೀರಾ?" ಎಂದಳು.

"ಅಕ್ಕಂಗೆ ಹೊಟ್ಟೆಯುರಿ. ಅದಕ್ಕೂ ಎಣ್ಣೆ ಕೊಡ್ಲಾ?" ಎಂದು ಓರಗಿತ್ತಿ ಕುಟುಕಿದಳು. ಸಭೆ ಗೊಳ್ಳೆಂದಿತು.

"ಉರೀತಿದೆ ಕಣೇ, ಇಲ್ಲ ಅನ್ನಲ್ಲ. ಆದ್ರೆ ಉರಿ ನಂದು, ಸಕ್ಕರೆ ಅತ್ತೇದು. ಅತ್ತೆ, ಬೆರಳು ಕೊಡಿ."

ನರ್ಸಮ್ಮ ಚೀಲದಿಂದ ತೆಗೆದ ಸಕ್ಕರೆ ಅಳೆಯುವ ಯಂತ್ರದ ಅಂಕಿ ಮುನ್ನೂರು ದಾಟಿತು. ಎಲ್ಲರದ್ದೂ ಅಳೆಯುವವರೆಗೆ ಕೋಣೆ ಕೊಡುವುದಿಲ್ಲವೆಂದು ಅಧ್ಯಕ್ಷರು ತೀರ್ಮಾನಿಸಿದರು. ಅತ್ತೆ ಮಾತ್ರೆ ನುಂಗಲು ಒಪ್ಪಿದರು. ನೀರಿನ ಲೋಟ ಕೇಳಿದ್ದು ಮಾತ್ರ ಕಿರಿಸೊಸೆಯನ್ನೇ. ಗೆದ್ದ ನರ್ಸಮ್ಮ ಹಲ್ಲು ಕಚ್ಚಿಕೊಂಡು ನಿಂತಳು.