ಖಾತ್ರಿ ಇಲ್ಲದ ಸೇರು

ನಮ್ಮ ಮನೆಯಲ್ಲಿ ಅತ್ತೆ ಇವತ್ತಿಗೂ ಜೋಳವನ್ನು ಸೇರಿನಲ್ಲಿ ಅಳೆಯುತ್ತಾರೆ. ಅಂಗಡಿಯವರು ಕಿಲೋದಲ್ಲಿ ಕೊಡುತ್ತಾರೆ. ಹೀಗಾಗಿ ತಿಂಗಳಿಗೊಮ್ಮೆ ಜಗಳ ಖಾಯಂ. ಆಳಂದದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಸೊಸೆ ಮನೆಯಲ್ಲಿದ್ದೂ ಇದಕ್ಕೊಂದು ದಾರಿ ಕಾಣದಿದ್ದರೆ ಹೇಗೆ ಎಂದು ನಾನೊಂದು ಸಣ್ಣ ಪ್ರೋಗ್ರಾಂ ಬರೆದೆ. ಊರು, ಧಾನ್ಯ, ಎಷ್ಟು ಸೇರು ಎಂದು ಕೊಟ್ಟರೆ ಎಷ್ಟು ಕಿಲೋ ಎಂದು ಅದು ಹೇಳುತ್ತದೆ. ಊರಿನ ಹೆಸರು ಬೇಕೇಬೇಕು, ಯಾಕೆಂದರೆ ಕರಜಗಿಯ ಸೇರು ಅಂದೋಲಾದ ಸೇರಲ್ಲ. ಅತ್ತೆ ಅದನ್ನು ಒಂದು ಸಲ ನೋಡಿ "ಛಲೋ ಅದ" ಎಂದು ಹೇಳಿ, ಜಗಳಕ್ಕೆ ಹೊರಟುಹೋದರು.

ಮನೆಯಲ್ಲಿ ಕಿಮ್ಮತ್ತಿಲ್ಲದ್ದನ್ನು ಜಗತ್ತಿಗೆ ಹಂಚುವುದು ನನ್ನಂಥವರ ಚಟ. ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿರುವುದು ಲಿನಕ್ಸ್. ಅದರ ಜೊತೆಗೆ ಸಾವಿರಾರು ಸಣ್ಣಪುಟ್ಟ ಪ್ರೋಗ್ರಾಂಗಳು ಪುಕ್ಕಟೆ ಬರುತ್ತವೆ, ಒಂದೊಂದನ್ನೂ ಪ್ಯಾಕೇಜು ಎನ್ನುತ್ತಾರೆ. ನನ್ನದೂ ಅದರಲ್ಲೊಂದಾಗಲಿ ಎಂದು ಕಳಿಸಿದೆ. ಪುಕ್ಕಟೆ ಕೊಡುವುದು ಇಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾವ ದೇಶದಲ್ಲಿದ್ದಾರೋ ಗೊತ್ತಿಲ್ಲದ ಪರಿಶೀಲಕರೊಬ್ಬರು ಒಂದು ಸಾಲಿನ ಕೊನೆಯಲ್ಲಿ ಖಾಲಿ ಜಾಗ ಹೆಚ್ಚಾಗಿದೆ ಎಂದು ಬರೆದರು. ತೆಗೆದೆ. ವಿವರಣೆ ಉದ್ದವಾಯಿತು ಎಂದರು. ಮೊಟಕು ಮಾಡಿದೆ. ಬಳಸುವವರಿಗೆ ಕೈಪಿಡಿ ಎಲ್ಲಿ ಎಂದರು. ಅದನ್ನೂ ಬರೆದೆ. ಹಿಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಇಷ್ಟು ತಿರುವಿ ಮುರುವಿ ನೋಡಿರಲಿಲ್ಲ.

ಕೊನೆಗೆ ಬಂದದ್ದು ನಿಜವಾದ ಪ್ರಶ್ನೆ. ಊರೂರಿನ ಸೇರಿನ ಈ ಕೋಷ್ಟಕ ಯಾರದು? ಬೇರೆಯವರದಾದರೆ, ಪ್ರೋಗ್ರಾಂ ಅನ್ನು ಯಾರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸಿನ ಷರತ್ತುಗಳಿಗೆ ಅವರ ಲಿಖಿತ ಒಪ್ಪಿಗೆ ಬೇಕು. ಲಿನಕ್ಸಿನ ಹೊಸ ಆವೃತ್ತಿಗೆ ಪ್ಯಾಕೇಜು ಸೇರಿಸಿಕೊಳ್ಳುವ ಬಾಗಿಲು ಮುಚ್ಚಲು ಎರಡು ವಾರ ಉಳಿದಿತ್ತು. ಒಪ್ಪಿಗೆ ಬಾರದಿದ್ದರೆ ಕೋಷ್ಟಕ ತೆಗೆಯಬೇಕು. ಅದನ್ನು ತೆಗೆದರೆ ನನ್ನ ಪ್ರೋಗ್ರಾಂನಲ್ಲಿ ಉಳಿಯುವುದು ಒಂದು ಗುಣಾಕಾರ ಮಾತ್ರ.

ಕೋಷ್ಟಕ ಅಫಜಲಪುರದ ಚಾಚಾ ಅವರದು. ಪ್ರಾಯದಲ್ಲಿ ಸುಗ್ಗಿ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ರೈತರು ರಾಶಿ ಅಳೆಯಲು ಅವರನ್ನು ಕಣಕ್ಕೆ ಕರೆಸಿಕೊಳ್ಳುತ್ತಿದ್ದರು. ನಮ್ಮ ಅಪ್ಪನ ಕಣಕ್ಕೂ ಬರುತ್ತಿದ್ದರು. ರಾಶಿ ಅಳೆಯುವಾಗ ನಮ್ಮವರು ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಚಾಚಾ ತಮ್ಮವರ ಕಣದಲ್ಲಿ ಬರ್ಕತ್ ಎಂದು, ನಮ್ಮ ಕಣದಲ್ಲಿ ಲಾಭ ಎಂದು ಎಣಿಕೆ ಶುರು ಮಾಡುತ್ತಿದ್ದರು. ಅವರು ಅಳೆದ ಮೇಲೆ ಇನ್ನೊಮ್ಮೆ ಅಳೆಯಿರಿ ಎಂದವರನ್ನು ನಾನು ಕಂಡಿಲ್ಲ. ಹೋದ ವರ್ಷ ಎರಡು ಮಧ್ಯಾಹ್ನ ಅವರ ಮನೆಯ ಕಟ್ಟೆಯ ಮೇಲೆ ಕೂತು, ಅವರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಚಾಚಾ ಸಹಿ ಹಾಕುವವರಲ್ಲ ಎಂದು ಗೊತ್ತಿದ್ದವರೆಲ್ಲ ಹೆದರಿಸಿದರು. ಹಿಂದೊಮ್ಮೆ ಯಾರದೋ ಹೊಲದ ಪತ್ರಕ್ಕೆ ಸಾಕ್ಷಿ ಸಹಿ ಹಾಕಿ ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದರಂತೆ. ಬಸ್ಸಿನಲ್ಲಿ ಉದ್ದಕ್ಕೂ ನಾನು ಧೈರ್ಯ ಹೇಳುವ ಮಾತುಗಳನ್ನೇ ಜೋಡಿಸುತ್ತ ಹೋದೆ.

ಚಹಾ ಬಂತು. ಲೈಸೆನ್ಸನ್ನು ಕನ್ನಡಕ್ಕೆ ಇಳಿಸಿಕೊಂಡು ಹೋಗಿದ್ದೆ, ಓದತೊಡಗಿದೆ. ಯಾರು ಬೇಕಾದರೂ ಬಳಸಬಹುದು.

"ಬಳಸ್ಲಿ," ಎಂದರು ಚಾಚಾ.

ಬೇಕಾದವರಿಗೆ ಕೊಡಬಹುದು, ತಿದ್ದಬಹುದು, ಮಾರಲೂಬಹುದು.

"ಮಾರ್ಕೊಂಡು ತಿನ್ಲಿ ಬಿಡವ್ವಾ. ಸೇರೇನು ನಮ್ಮಪ್ಪನ ಮನಿದೇನು?"

ಆಗಲೇ ಪೆನ್ನು ಕೈಗೆ ತೆಗೆದುಕೊಂಡಿದ್ದರು. ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ದಂಡವಾಯಿತಲ್ಲ ಎಂದು ನನಗೆ ಬೇಜಾರೇ ಆಯಿತು. ಆಮೇಲೆ ಕೊನೆಯ ಪರಿಚ್ಛೇದ ಓದಿದೆ: ಇದನ್ನು ಇದ್ದ ಹಾಗೆ ಕೊಡಲಾಗಿದೆ, ಇದು ಸರಿ ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ, ತೊಂದರೆಯಾದರೆ ಬರೆದವರು ಜವಾಬ್ದಾರರಲ್ಲ.

ಚಾಚಾ ಪೆನ್ನಿನ ಮುಚ್ಚಳ ಹಾಕಿದರು.

"ಖಾತ್ರಿ ಇಲ್ಲಂದ್ರ ಅಳದಿದ್ದು ಯಾತಕ್ಕ?"

"ಎಲ್ಲಾರೂ ಹಂಗೇ ಬರೀತಾರ್ರಿ ಚಾಚಾ. ದೊಡ್ಡ ದೊಡ್ಡ ಕಂಪನಿಯವ್ರೂ ಹಂಗೇ ಬರೀತಾರ."

"ಅಂದ್ರ ದುನಿಯಾದಾಗ ಯಾರ ಕಂಪ್ಯೂಟರಿಗೂ ಖಾತ್ರಿ ಇಲ್ಲ?"

"ಇಲ್ರಿ."

"ತೌಬಾ," ಎಂದರು. ನನ್ನ ಕಸುಬಿನ ಮೇಲೆ ಅವರಿಗೆ ನಿಜಕ್ಕೂ ಕನಿಕರ ಹುಟ್ಟಿದಂತಿತ್ತು.

"ಅದು ಬರೇ ಕಾಗದದ ಮಾತ್ರಿ," ಎಂದೆ, ತುಸು ರೇಗಿಯೇ.

"ಸಹಿ ಮತ್ತ ಕಾಗದದ ಮ್ಯಾಲೇ ಮಾಡೂದಲ್ಲೇನವ್ವಾ?"

ಇದು ಕೋರ್ಟಿನ ಅಂಜಿಕೆಯೇ ಇರಬೇಕು ಎಂದುಕೊಂಡು ಆ ಹಳೆಯ ಮಾತು ತೆಗೆದೆ. ಚಾಚಾ ನಕ್ಕುಬಿಟ್ಟರು. "ಕೋರ್ಟಿಗೆ ನಾ ಯಾಕ ಅಂಜಲಿ? ಸಾಕ್ಷಿ ಅಂತ ಸಹಿ ಹಾಕಿದ್ದೆ, ಕರದಾಗೆಲ್ಲ ಹೋಗಿ ಹೇಳಿ ಬಂದೆ. ಸಹಿ ಅಂದ್ರ ಅದೇ ಅಲ್ಲ? ನಂದೇನೂ ಖಾತ್ರಿ ಇಲ್ಲ ಅಂತ ಹೇಳಾಕ ಯಾರರೆ ಸಹಿ ಮಾಡ್ತಾರೇನು?"

ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿದರು. "ಅದನ್ನ ತಗಿ. ಮಾದನಹಿಪ್ಪರಗಾ. ತೊಗರಿ. ಒಂದ್ ಸೇರು."

ಬಂದ ಉತ್ತರವನ್ನು ಓದಿ ಹೇಳಿದೆ. ಚಾಚಾ ಬಲಗೈ ಅಂಗೈಯನ್ನು ಗಾಳಿಯಲ್ಲಿ ಎರಡು ಸಲ ತೂಗಿದರು.

"ಕಡಿಮಿ ಅದ."

"ನೀವೇ ಹೇಳಿದ್ದಲ್ರಿ!"

"ನಾ ಹಿಂಗ ಹೇಳಿಲ್ಲ. ಆ ಊರಾಗ ಸೇರಿನ ಮ್ಯಾಲ ಕೈಯಿಂದ ಸವರಂಗಿಲ್ಲ, ಶಿಖರ ಬರೂಹಂಗ ತುಂಬ್ತಾರ. ನಿನ್ನ ವಹಿ ನೋಡು."

ನೋಟ್‌ಬುಕ್ಕು ಚೀಲದಲ್ಲೇ ಇತ್ತು. ನನ್ನದೇ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಬರೆದಿತ್ತು: ಶಿಖರ. ಪ್ರೋಗ್ರಾಂ ಬರೆಯುವ ದಿನ ಅದಕ್ಕಾಗಿ ಕೋಷ್ಟಕದಲ್ಲಿ ಇನ್ನೊಂದು ಕಾಲಂ ಮಾಡಬೇಕಿತ್ತು. ನನಗೆ ಬೇಸರ ಬಂದಿತ್ತು. ಎಲ್ಲ ಊರಿನ ಸೇರನ್ನೂ ಸವರಿ ಮಟ್ಟ ಮಾಡಿ ಕೈತೊಳೆದುಕೊಂಡಿದ್ದೆ. ಪರಿಶೀಲಕರು ಸಾಲಿನ ಕೊನೆಯ ಖಾಲಿ ಜಾಗವನ್ನು ಹಿಡಿದಿದ್ದರು, ಆದರೆ ಸೇರಿನ ಮೇಲಿನ ಹಿಡಿ ತೊಗರಿ ಹೋದದ್ದು ಅವರಿಗೆ ತಿಳಿಯುವಂತಿರಲಿಲ್ಲ. ನನಗೆ ತಿಳಿದಿತ್ತು. ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಖಾತ್ರಿ ಇಲ್ಲ ಎಂಬ ಆ ಪರಿಚ್ಛೇದವನ್ನು ನನ್ನಂಥವರ ಸಲುವಾಗಿಯೇ ಬರೆದಿದ್ದಾರೆ.

ಚಾಚಾ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಇನ್ನೊಂದು ಚಹಾ ತರಿಸಿ, "ಹಂ, ಲಾಭ," ಎಂದು ಎಣಿಕೆ ಶುರು ಮಾಡಿದರು. ಅವರು ಒಂದೊಂದೇ ಊರು ಹೇಳುವುದು, ನಾನು ತಿದ್ದುವುದು, ಅವರು ಅಂಗೈ ತೂಗಿ ಹೂಂಗುಟ್ಟುವುದು. ಆಳಂದದ ಬಸ್ಸು ಹೊರಡುವ ಹೊತ್ತಿಗೆ ಕೋಷ್ಟಕ ಮುಗಿಯಿತು.

"ಈಗ ಖಾತ್ರಿ ಅದ. ಆ ಸಾಲು ತಗಿ."

ತೆಗೆಯಲು ಬರುವುದಿಲ್ಲ, ಅದನ್ನು ತೆಗೆದರೆ ಪ್ಯಾಕೇಜನ್ನೇ ತೆಗೆದುಕೊಳ್ಳುವುದಿಲ್ಲ ಎಂದು ಕೈಮುಗಿದೆ. ಚಾಚಾ ಕಾಗದವನ್ನು ತಮ್ಮ ಕಡೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಸಹಿ ಹಾಕಿ, ಅದರ ಕೆಳಗೆ ಉರ್ದುವಿನಲ್ಲಿ ಒಂದು ಸಾಲು ಬರೆದು ಕೊಟ್ಟರು.

ಸ್ಕ್ಯಾನ್ ಮಾಡಿ ಕಳಿಸಿದೆ. ಕೆಳಗಿನ ಸಾಲಿನಲ್ಲಿ ಏನಿದೆ ಎಂದು ಪರಿಶೀಲಕರು ಕೇಳಿದರು. ಚಾಚಾಗೆ ಫೋನ್ ಮಾಡಿ ಅರ್ಥ ಕೇಳಿಕೊಂಡು ಅನುವಾದಿಸಿದೆ: ಅಳತೆ ಸರಿ ಇದೆ, ತಪ್ಪಿದ್ದರೆ ನಾನು ಜವಾಬ್ದಾರ, ಮನೆಗೆ ಬಂದು ಕೇಳಬಹುದು. ನಾಲ್ಕನೆಯ ದಿನ, ಇಂಥ ಒಪ್ಪಿಗೆ ಪತ್ರವನ್ನು ತಾವು ಈವರೆಗೆ ನೋಡಿಲ್ಲವೆಂದೂ, ಲೈಸೆನ್ಸ್ ಬದಲಾಗದ ಕಾರಣ ಅಡ್ಡಿಯಿಲ್ಲವೆಂದೂ ಬರೆದರು. ಪ್ಯಾಕೇಜು ಸೇರಿತು.

ಈಗ ತಿಂಗಳಿಗೊಮ್ಮೆ ಚಾಚಾ ಫೋನ್ ಮಾಡುತ್ತಾರೆ. ತಮ್ಮ ಹಳೆಯ ಹಿತ್ತಾಳೆ ಸೇರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದಾರಂತೆ, ಯಾರಾದರೂ ಬಂದು ಕೇಳಿದರೆ ತೋರಿಸಲು.

"ಯಾರರೆ ತಪ್ಪದ ಅಂದಾರೇನವ್ವಾ?"

"ಯಾರೂ ಅಂದಿಲ್ರಿ."

"ಮತ್ತ! ಅಳತಿ ಸರಿ ಅದ."

ಯಾರೂ ದೂರು ಕೊಡದಿದ್ದರೆ ಬಹುಶಃ ಯಾರೂ ಬಳಸುತ್ತಿಲ್ಲ ಎಂಬುದು ಪ್ರೋಗ್ರಾಂ ಬರೆಯುವವರಿಗೆಲ್ಲ ಗೊತ್ತು. ಇದನ್ನು ಚಾಚಾಗೆ ಹೇಳುವ ಧೈರ್ಯ ನನಗಿಲ್ಲ. "ಹೌದ್ರಿ ಚಾಚಾ, ಸರಿ ಅದ," ಎನ್ನುತ್ತೇನೆ. ಅಷ್ಟು ಮಾತಿಗಾದರೆ ನಾನೂ ಸಹಿ ಹಾಕಬಲ್ಲೆ.