ಮಚ್ಚು ಬಿದ್ದ ನಾಗಸಂಪಿಗೆ

ಮುದ್ದೇನಹಳ್ಳಿಯ ತವರಿನಿಂದ ದಿಬ್ಬೂರಹಳ್ಳಿಗೆ ಸೊಸೆಯಾಗಿ ಬಂದಾಗ ನನ್ನ ಸೀರೆಗಳ ಜೊತೆಗೆ ಒಂದು ನಾಗಸಂಪಿಗೆ ಸಸಿಯೂ ಬಂತು. ಬೀಜ ಹಾಕಿ ನಾನೇ ಎಬ್ಬಿಸಿದ್ದು. ತಂದು ಹಿತ್ತಿಲಲ್ಲಿ ನೆಟ್ಟೆ. ಬಿಳಿ ಎಸಳು, ನಡುವೆ ಹಳದಿ ಕೇಸರ, ಅಂಗಳ ದಾಟಿ ಬೀದಿಗೂ ಹೋಗುವ ಪರಿಮಳ. ಆ ಹೂವನ್ನು ನಾನೇ ಬೆಳೆಸಿದ ಮರದಲ್ಲಿ ನೋಡಬೇಕೆಂದು ಚಿಕ್ಕಂದಿನಿಂದಲೂ ನನಗೆ ಆಸೆ. ಆದರೆ ಇದರಷ್ಟು ಸೋಮಾರಿ ಮರ ಇನ್ನೊಂದಿಲ್ಲ. ವರ್ಷಕ್ಕೆ ಒಂದು ಗೇಣು ಏರಿದರೆ ಅದೇ ದೊಡ್ಡದು.

"ಬೆಳೆಯೋ ಪೈರು ಮೊಳಕೆಯಲ್ಲೇ ಗೊತ್ತಾಗುತ್ತೆ ಅಂತಾರೆ. ನಿನ್ ಗಿಡ ಮೊಳಕೆಯಲ್ಲೇ ನಿಂತ್ಬಿಟ್ಟಿದೆಯಲ್ಲಮ್ಮ," ಎಂದು ಮಾವ ರೇಗಿಸುತ್ತಿದ್ದರು. "ಹೂವೇನಿದ್ರೂ ನಿನ್ ಮೊಮ್ಮಕ್ಕಳಿಗೆ."

"ನಾನೇ ನೋಡ್ತೀನಿ ಮಾವ," ಎನ್ನುತ್ತಿದ್ದೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹಿತ್ತಿಲಾಚೆಗೆಲ್ಲ ಹಿಪ್ಪುನೇರಳೆ ತೋಟ. ಹಿಪ್ಪುನೇರಳೆಯನ್ನು ಬುಡಕ್ಕೆ ಕಡಿದಷ್ಟೂ ಅದು ಹುರುಪಿನಿಂದ ಚಿಗುರುತ್ತದೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಮಾವನಿಗೆ, ಬೆಳೆಯದ ಗಿಡಕ್ಕೆ ಗೊತ್ತಿದ್ದ ಮದ್ದು ಒಂದೇ. ಒಂದು ಮಧ್ಯಾಹ್ನ ತೋಟ ಸವರಿ ಬಂದವರು ಅದೇ ಮಚ್ಚಿನಲ್ಲಿ, ಸೊಂಟದೆತ್ತರ ಬಂದಿದ್ದ ನನ್ನ ನಾಗಸಂಪಿಗೆಯನ್ನೂ ಗೇಣುದ್ದ ಬಿಟ್ಟು ಕಡಿದರು.

"ಇನ್ನು ನೋಡ್ತಿರು, ನಾಕು ಕವಲು ಎದ್ದು ಬರ್ತವೆ," ಎಂದರು. ಮುಖದಲ್ಲಿ ಉಪಕಾರ ಮಾಡಿದ ಖುಷಿ.

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅವತ್ತು ಅವರ ತಟ್ಟೆಗೆ ಮುದ್ದೆ ಇಟ್ಟದ್ದಲ್ಲ, ಕುಕ್ಕಿದ್ದು. ಆಮೇಲೆ ಹಟ ಹಿಡಿದೆ. ಎಳೆಯ ನಾಗಸಂಪಿಗೆಗೆ ಬಿಸಿಲು ಆಗದು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯೊಂದು ಅಟ್ಟದ ಮೇಲಿತ್ತು. ಅದನ್ನು ತಂದು ಮೋಟಿಗೆ ನೆರಳಾಗಿ ಓರೆಯಿಟ್ಟೆ. ಬುಡಕ್ಕೆ ಹುಳುವಿನ ಹಿಕ್ಕೆ ಹಾಕಿ, ಪಾತ್ರೆ ತೊಳೆಯುವ ಮೊದಲು ಅದಕ್ಕೆ ನೀರು ಹೊಯ್ಯುತ್ತಿದ್ದೆ. ತಿಂಗಳುಗಟ್ಟಲೆ ಮೋಟು ಮೋಟಾಗಿಯೇ ಇತ್ತು.

ಅಷ್ಟರಲ್ಲಿ ಹಿತ್ತಿಲಲ್ಲಿ ಹೊಸ ಹುಳು ಮನೆ ಕಟ್ಟುವ ಮಾತು ಬಂತು. ಮಾವ ಪಾಯಕ್ಕೆ ಎಳೆದ ಸುಣ್ಣದ ಗೆರೆ ನೇರ ನನ್ನ ಮೋಟಿನ ಮೇಲೆಯೇ ಹೋಯಿತು.

"ಸತ್ತೋಗಿದೆ ಕಣಮ್ಮ. ಕಿತ್ತಾಕ್ತೀನಿ."

ಒಳಗೆ ಹುಳು ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುನ್ನ ಹುಳು ಸೊಪ್ಪು ಮುಟ್ಟದೆ, ಅಲುಗಾಡದೆ ತಲೆಯೆತ್ತಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಅದನ್ನು ಯಾರೂ ಮುಟ್ಟಕೂಡದು. ಅದು ಮಾವನದೇ ಕಟ್ಟಪ್ಪಣೆ.

"ಜ್ವರಕ್ಕೆ ಕೂತಿರೋ ಹುಳಾನ ಸತ್ತೋಯ್ತು ಅಂತ ಎಸೀತೀರಾ ಮಾವ?" ಎಂದೆ.

ಅವರು ಸುಣ್ಣದ ಬುಟ್ಟಿ ಕೆಳಗಿಟ್ಟರು. "ಈ ಬೆಳೆ ಗೂಡು ಕಟ್ಟೋವರ್ಗೂ ನೋಡ್ತೀನಿ. ಆಮೇಲೆ ಕೇಳ್ಬೇಡ," ಎಂದರು.

ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆರಿಸಿದ ಹುಳುವನ್ನು ತಡಮಾಡದೆ ಚಂದ್ರಿಕೆಗೆ ಬಿಡಬೇಕು. ಆ ಸಲ ಬೆಳೆ ಚೆನ್ನಾಗಿ ಬಂದು ಚಂದ್ರಿಕೆ ಸಾಲದೆ ಹೋಯಿತು. "ಹಿತ್ತಿಲಲ್ಲೊಂದು ಇದೆಯಲ್ಲ," ಎನ್ನುತ್ತ ಮಾವ ಎದ್ದರು. ನನ್ನ ಕೈತುಂಬ ಹುಳು, ಹಿಂದೆ ಓಡುವಂತಿರಲಿಲ್ಲ. ಕಿಟಕಿಯಿಂದಲೇ ನೋಡಿದೆ.

ಅವರು ಚಂದ್ರಿಕೆ ಎತ್ತಿದರು. ಬಗ್ಗಿದರು. ಕುಕ್ಕರಗಾಲಲ್ಲಿ ಕೂತರು. ಆಮೇಲೆ ಚಂದ್ರಿಕೆಯನ್ನು ಇದ್ದ ಹಾಗೆಯೇ ಓರೆಯಿಟ್ಟು, ಬರಿಗೈಯಲ್ಲಿ ಪಕ್ಕದ ಮನೆ ಕಡೆ ನಡೆದರು. ಯಾರ ಮನೆ ಬಾಗಿಲಿಗೂ ಕೈಚಾಚಿ ಹೋದವರಲ್ಲ ನಮ್ಮ ಮಾವ. ಅವತ್ತು ಚಂದ್ರಿಕೆ ಕೇಳಿ ತಂದರು.

ಸಂಜೆ ನಾನು ಹೋಗಿ ನೋಡಿದೆ. ಮೋಟಿನ ಪಕ್ಕದಲ್ಲಿ ಎರಡು ಎಲೆ, ಕೆಂಪಗೆ, ಆಗತಾನೆ ಹುಟ್ಟಿದ ಕೂಸಿನ ಅಂಗೈ ಹಾಗೆ. ಆಗ ಅಳು ಬಂತು.

ಈಗ ಅದು ಮತ್ತೆ ನನ್ನ ಸೊಂಟದೆತ್ತರ ಬಂದಿದೆ. ಹೂವಿನ ಸುಳಿವಿಲ್ಲ. ಚಂದ್ರಿಕೆಯ ಬಿದಿರು ಲಡ್ಡು ಹಿಡಿದರೆ ಬದಲಿಸುತ್ತೇನೆ, ನೀರು ತಪ್ಪಿಸುವುದಿಲ್ಲ. ಹೊಸ ಹುಳು ಮನೆಯ ಗೋಡೆ ಗಿಡವಿರುವ ಮೂಲೆಯಲ್ಲಿ ಒಳಕ್ಕೆ ತಿರುಗಿಕೊಂಡಿದೆ. ನೋಡಿದವರೆಲ್ಲ ಗಾರೆಯವನನ್ನು ಬೈಯುತ್ತಾರೆ. ಮೊನ್ನೆ ಬಂದ ನೆಂಟರೊಬ್ಬರು, "ಇದ್ಯಾಕೆ ಹಿಂಗೆ ಸೊಟ್ಟ?" ಎಂದು ಕೇಳಿ, ಗಿಡದ ಎಲೆಗೆ ಕೈ ಹಾಕಲು ಹೋದರು.

"ಮುಟ್ಬೇಡಪ್ಪ," ಎಂದರು ಮಾವ. "ನಮ್ ಸೊಸೆ ಹೂವು ನೋಡ್ಬೇಕು."